ಮುರಕಲ್ಲಿನ ಗೋಡೆಗೆ ಒಡೆದ ಟೈಲ್ಸ್, ಬಳೆ ಚೂರು ಅಂಟಿಸಿದ್ರೆ ನಮ್ಮ ಮಳೆಗೆ ನಿಲ್ತದಾ?

ನೀರ್ಚಾಲಿನವಳು:
ಎಲ್ರಿಗೂ ನಮಸ್ಕಾರ. ನಮ್ಮ ವಾಚನಾಲಯದ ಹಿಂದೆ ಒಂದು ಹಳೇ ಶೆಡ್ ಉಂಟು, ಆದಿತ್ಯವಾರ ಮಕ್ಕಳು ಹೆಂಗಸರು ಎಲ್ಲ ಸೇರಿ ಅಲ್ಲಿ ಏನಾದ್ರೂ ಮಾಡ್ತಾ ಇರ್ತೇವೆ. ಈಗ ರಸ್ತೆ ಬದಿ ಗೋಡೆಗೆ ಚೂರು ಜೋಡಿಸಿ ಯಕ್ಷಗಾನದ ವೇಷ ಮಾಡುವ ಅಂತ ಹೊರಟಿದ್ದೇವೆ, ಕುಂಬಳೆ ಸೀಮೆ ಅಂದ ಮೇಲೆ ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಲ್ವಾ. ಮನೆ ಕೆಡವಿದಲ್ಲಿಂದ ಬಾತ್‌ರೂಮ್ ಟೈಲ್ಸ್, ಪಿಂಗಾಣಿ ಪ್ಲೇಟು, ಕಪಾಟಿನ ಕನ್ನಡಿ, ಹಂಚು, ರಾಶಿ ಬಳೆ ಎಲ್ಲ ಸಿಕ್ಕಿದೆ. ಆದ್ರೆ ಮಳೆ ಶುರುವಾಯ್ತು, ಗೋಡೆ ಮುರಕಲ್ಲಿಂದು, ಸುಣ್ಣ ಬಳಿದದ್ದು. ಹೇಗೆ ಅಂಟಿಸುದು? ಮತ್ತೆ ಕಮಿಟಿಯಲ್ಲಿ ಒಬ್ರು "ಗುಜರಿ ಅಂಗಡಿ ಮಾಡ್ತೀರಾ" ಅಂತ ಬೇರೆ ಕೇಳಿದ್ರು.

ಟೈಲ್ಸ್ ಕೆಲಸದವ, ಮುಳ್ಳೇರಿಯ:
ಅಕ್ಕ, ಈಗ ಗೋಡೆ ಮುಟ್ಟುದೇ ಬೇಡ. ಸುಣ್ಣದ ಮೇಲೆ ಎಂತ ಅಂಟಿಸಿದ್ರೂ ಅದು ಹಿಡಿಯುದು ಸುಣ್ಣವನ್ನು, ಗೋಡೆಯನ್ನಲ್ಲ, ಒಂದು ಮಳೆಗಾಲ ಕಳೆದ್ರೆ ಪದರ ಸಮೇತ ಕೆಳಗೆ. ಮಳೆ ಬಿಟ್ಟ ಮೇಲೆ ಕೆರೆದು ತೆಗ್ದು ಸಿಮೆಂಟ್ ಸಾರಣೆ ಮಾಡಿಸಿ, ದಿನಾ ನೀರು ಹಾಕಿ, ಆಮೇಲೆ ಒಣಗ್ಲಿಕ್ಕೆ ಬಿಡಿ. ಅಲ್ಲಿವರೆಗೆ ಆಟಿ ತಿಂಗಳ ಮಳೆಯಲ್ಲಿ ಶೆಡ್ಡಲ್ಲೇ ಕೂತು ಚಿತ್ರ ಮಾಡ್ಬಹುದು. ಡ್ರಾಯಿಂಗ್ ಹಾಸಿ, ಅದ್ರ ಮೇಲೆ ಪ್ಲಾಸ್ಟಿಕ್ ಶೀಟು, ಅದ್ರ ಮೇಲೆ ಫೈಬರ್ ಬಲೆ, ಬಲೆಗೆ ಚೂರು ಅಂಟಿಸ್ತಾ ಹೋಗುದು. ಮರಕ್ಕೆ ಹಾಕುವ ಬಿಳಿ ಗಮ್ ಬೇಡ, ನೀರು ತಾಗಿದ್ರೆ ಮೆತ್ತಗಾಗ್ತದೆ. ಆಮೇಲೆ ಗೋಡೆಗೆ ಹಚ್ಲಿಕ್ಕೆ ಬಲೆಯನ್ನು ತುಂಡು ಮಾಡುವಾಗ ಸ್ಕೇಲ್ ಇಟ್ಟು ನೇರ ಕತ್ತರಿಸ್ಬೇಡಿ, ಚೂರುಗಳ ಸಂದಿಯಲ್ಲಿ ಸೊಟ್ಟಸೊಟ್ಟ ಕತ್ತರಿಸಿ, ಆಗ ಗೋಡೆಯಲ್ಲಿ ಜಾಯಿಂಟ್ ಕಾಣುದಿಲ್ಲ.

ಟೈಲಿನ ಹಿಂದೆ ಒಂದು ಹನಿ ನೀರು ಬಿಟ್ಟು ನೋಡಿ. ಹೀರಿದ್ರೆ ಸಿರಾಮಿಕ್, ಹಾಗೇ ನಿಂತ್ರೆ ವಿಟ್ರಿಫೈಡ್. ವಿಟ್ರಿಫೈಡಿಗೆ ಬರೀ ಸಿಮೆಂಟ್ ಹಾಲು ಹಿಡಿಯುದಿಲ್ಲ, ಪಾಲಿಮರ್ ಇರುವ ಟೈಲ್ ಅಡೆಸಿವ್ ಬೇಕು, ಎರಡೂ ಮಿಕ್ಸ್ ಇದ್ರೆ ಎಲ್ಲದಕ್ಕೂ ಅದನ್ನೇ ಹಾಕಿಬಿಡಿ. ಗೋಡೆ ತಲೆಗೆ ಸಣ್ಣ ಚಜ್ಜ ಕೊಡಿ, ಹಿಂದಿನಿಂದ ನೀರು ಇಳಿಯುದೇ ದೊಡ್ಡ ಉಪದ್ರ.

ಉಪ್ಪಳದ ಡ್ರಾಯಿಂಗ್ ಮೇಷ್ಟ್ರು:
ಕಮಿಟಿಯವರಿಗೆ ಚಂಡೀಗಢದ ರಾಕ್ ಗಾರ್ಡನ್ ಫೋಟೋ ತೋರಿಸಿ ಮಾರಾಯ್ರೆ. ನೇಕ್ ಚಂದ್ ಅಂತ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವ್ರು 1957ರ ಹೊತ್ತಿಗೆ ಕಾಡಿನ ಜಾಗದಲ್ಲಿ ಗುಟ್ಟಾಗಿ ಶುರು ಮಾಡಿದ್ದು, ಸರ್ಕಾರಕ್ಕೆ ಗೊತ್ತಾದ ಮೇಲೆ ಕೆಡವುವ ಮಾತೂ ಬಂದಿತ್ತು, ಕಡೆಗೆ 1976ರಲ್ಲಿ ಜನರಿಗೆ ತೆರೆದ್ರು. ಅಲ್ಲಿ ಸಾಲುಸಾಲು ಗೊಂಬೆಗಳ ಮೈಗೆ ಒಡೆದ ಬಳೆಯೇ. ಬಾರ್ಸಿಲೋನಾದ ಪಾರ್ಕ್ ಗುವೆಲ್ ಬೆಂಚೂ ಒಡೆದ ಟೈಲಿಂದು. ಇದು ಗುಜರಿ ಆದ್ರೆ ಆಗ್ಲಿ.

ವೇಷದಲ್ಲಿ ಮುಖ ಕಷ್ಟ, ಕಣ್ಣು ಒಂಚೂರು ಆಚೀಚೆ ಆದ್ರೂ ರಾಜ ಹೋಗಿ ಹಾಸ್ಯಗಾರ ಆಗ್ತಾನೆ. ಕಿರೀಟ, ಭುಜಕೀರ್ತಿ ದೊಡ್ಡದು ಮಾಡಿ, ಬಳೆ ಚೂರಿಗೆ ಅದೇ ಜಾಗ. ಚೂರುಗಳನ್ನು ಸಿಕ್ಕಾಪಟ್ಟೆ ತುಂಬಿಸ್ಬೇಡಿ, ಮೊದ್ಲು ಅಂಚಿನ ಗೆರೆ ಹಿಡಿದು ಒಂದು ಸಾಲು, ಅದಕ್ಕೆ ತಾಗಿ ಇನ್ನೊಂದು, ಹೀಗೆ ಒಳಗೆ ಹೋದ್ರೆ ಆಕಾರ ತಾನಾಗಿ ಏಳ್ತದೆ. ಕೆಂಪಿಗೆ ಹಂಚು ಬೇಡ ಅಂತ ನನ್ನ ಅಭಿಪ್ರಾಯ, ನೀರು ಕುಡಿದು ಪಾಚಿ ಹಿಡಿದು ಕಪ್ಪಾಗ್ತದೆ.

ನೀರ್ಚಾಲಿನವಳು:
ತುಂಬಾ ಉಪಕಾರ ಆಯ್ತು ಇಬ್ರಿಗೂ. ಹಂಚು ಬಿಡ್ಲಿಕ್ಕೆ ಮಾತ್ರ ಮನಸ್ಸಿಲ್ಲ ಸರ್, ವೇಷದ ಹಿನ್ನೆಲೆಯ ಬಣ್ಣಕ್ಕಾದ್ರೂ ಹಾಕ್ತೇವೆ, ಪಾಚಿ ಬಂದ್ರೆ ಬರ್ಲಿ. ಕನ್ನಡಿಗೂ ಅದೇ ಅಡೆಸಿವ್ ಆಗ್ತದಾ? ಮತ್ತೆ ಮಕ್ಕಳ ಕೈಗೆ ಒಡೀಲಿಕ್ಕೆ ಕೊಡ್ಬಹುದಾ?

ಟೈಲ್ಸ್ ಕೆಲಸದವ, ಮುಳ್ಳೇರಿಯ:
ಕನ್ನಡಿಗೆ ಬೇಡ, ಸಿಮೆಂಟಿನ ಖಾರಕ್ಕೆ ಹಿಂದಿನ ಲೇಪ ತಿಂದು ಕಪ್ಪು ಕಲೆ ಬರ್ತದೆ. ನ್ಯೂಟ್ರಲ್ ಸಿಲಿಕೋನ್ ಅಂತ ಕೇಳಿ ತನ್ನಿ, ವಿನೆಗರ್ ವಾಸನೆ ಬರುವ ಸಿಲಿಕೋನೂ ಆಗುದಿಲ್ಲ. ಒಡೆಯುದು ದೊಡ್ಡವ್ರೇ ಮಾಡಿ, ಗೋಣಿ ಒಳಗೆ ಟೈಲ್ ಹಾಕಿ ಸುತ್ತಿಗೆಯಲ್ಲಿ, ಕಣ್ಣಿಗೆ ಕನ್ನಡಕ ಇರ್ಲೇಬೇಕು. ಅಂಚನ್ನು ನೀರು ಹಾಕ್ಕೊಂಡು ಕಲ್ಲಿಗೆ ಉಜ್ಜಿ, ಧೂಳು ಏಳುದಿಲ್ಲ. ಉಜ್ಜಿ ಆದದ್ದನ್ನು ಮಕ್ಕಳು ಜೋಡಿಸ್ಲಿ. ಚೂರುಗಳ ಸಂದಿಗೆ ಗ್ರೌಟ್ (ಸಿಮೆಂಟಿನ ಪುಡಿ ಕಲಸಿದ್ದು) ತುಂಬುವಾಗ ಮಾತ್ರ ಎಲ್ರೂ ಗ್ಲೌಸ್ ಹಾಕಿ, ಸಿಮೆಂಟ್ ಕೈ ಸುಡ್ತದೆ. ದೀಪಾವಳಿ ಕಳೆದು ಗೋಡೆಗೆ ಹಚ್ಚುವಾಗ ಇಲ್ಲಿ ಒಂದು ಮೆಸೇಜ್ ಹಾಕಿ ಅಕ್ಕ, ಆದಿತ್ಯವಾರ ಆದ್ರೆ ಕರಣೆ ಹಿಡ್ಕೊಂಡು ನಾನೂ ಬರ್ತೇನೆ.