ಟ್ಯಾಬ್ಲೆಟ್ ಬ್ಯಾಚ್‌ನಿಂದ ಕಂಟಿನ್ಯುಯಸ್ ಲೈನ್‌ಗೆ: ಮೊದಲು ಯಾವುದನ್ನ ಗಟ್ಟಿ ಮಾಡ್ಕೋಬೇಕು?

ಮಾತ್ರೆವಿಭಾಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 200 ಮಿಗ್ರಾಂ ತೂಕದ ಟ್ಯಾಬ್ಲೆಟ್, ಅದರಲ್ಲಿ ಎಪಿಐ (ಕೆಲಸ ಮಾಡೋ ಔಷಧಿ ಅಂಶ) 40 ಮಿಗ್ರಾಂ. ಸದ್ಯ ಡೈರೆಕ್ಟ್ ಕಂಪ್ರೆಶನ್ (ಪುಡಿ ಬೆರೆಸಿ ನೇರ ಒತ್ತೋದು), 100 ಕೆಜಿ ಬ್ಯಾಚ್: ಸಿಫ್ಟಿಂಗ್, ಬಿನ್ ಬ್ಲೆಂಡರ್, ಕೊನೆಗೆ ಪುಡಿ ಅಂಟದ ಹಾಗೆ ಮೆಗ್ನೀಶಿಯಂ ಸ್ಟಿಯರೇಟ್ ಹಾಕಿ ಇನ್ನೊಂದಿಷ್ಟು ಸುತ್ತು, ಆಮೇಲೆ ಪ್ರೆಸ್. ಇದನ್ನ ಗಂಟೆಗೆ 20 ಕೆಜಿ ಓಡೋ ಕಂಟಿನ್ಯುಯಸ್ ಲೈನ್‌ಗೆ (ಒಂದು ಕಡೆ ಪುಡಿ ಹೋಗ್ತಾ ಇನ್ನೊಂದು ಕಡೆ ಟ್ಯಾಬ್ಲೆಟ್ ನಿಲ್ಲದೆ ಬರೋ ಸಾಲು) ತರೋ ಪ್ರಸ್ತಾಪ ಇದೆ. ಫಾರ್ಮುಲಾ ಪ್ರಕಾರ ಗಂಟೆಗೆ ಎಪಿಐ 4 ಕೆಜಿ, ಲ್ಯಾಕ್ಟೋಸ್ 10 ಕೆಜಿ, ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ 5.2 ಕೆಜಿ, ಕ್ರಾಸ್‌ಕಾರ್ಮೆಲೋಸ್ 600 ಗ್ರಾಂ, ಮೆಗ್ನೀಶಿಯಂ ಸ್ಟಿಯರೇಟ್ 200 ಗ್ರಾಂ. ಎಪಿಐ ಸ್ವಲ್ಪ ಅಂಟುಪುಡಿ.

ಮಷೀನ್ ಮಾರೋರು ಎನ್‌ಐಆರ್ (ಇನ್ಫ್ರಾರೆಡ್ ಬೆಳಕಿನಿಂದ ಪುಡಿಯಲ್ಲಿ ಏನು ಎಷ್ಟಿದೆ ಅಂತ ಓಡ್ತಿರುವಾಗಲೇ ಅಳೆಯೋದು), ಡಿಜಿಟಲ್ ಟ್ವಿನ್ (ಲೈನ್‌ನ ಕಂಪ್ಯೂಟರ್ ನಕಲು), ಎಐ ಅಂತ ಸ್ಲೈಡ್ ತೋರಿಸ್ತಾರೆ. ನನಗೆ ಬೇಕಿರೋದು ನೆಲದ ಮೇಲಿನ ಉತ್ತರ. ಎಲ್ಲಿಂದ ಶುರು ಮಾಡ್ಬೇಕು? ಎನ್‌ಐಆರ್ ಇದ್ರೆ ಎಚ್‌ಪಿಎಲ್‌ಸಿ (ಲ್ಯಾಬ್‌ನಲ್ಲಿ ಔಷಧಿ ಪ್ರಮಾಣ ಅಳೆಯೋ ಕ್ರೊಮ್ಯಾಟೋಗ್ರಫಿ) ಬಿಡಬಹುದಾ? ಮಧ್ಯದಲ್ಲಿ ಏನಾದ್ರೂ ಕೆಟ್ಟರೆ ಎಷ್ಟು ಮಾಲು ಎಸೀಬೇಕು? ಬ್ಯಾಚ್ ಅಂತ ಯಾವುದನ್ನ ಕರೀಬೇಕು?

ಪುಡಿಲೆಕ್ಕ

ಸರ್, ಫೀಡರ್‌ನಿಂದ (ಸ್ಕ್ರೂ ತಿರುಗಿಸಿ ಪುಡಿಯನ್ನ ತೂಗಿ ತೂಗಿ ಬೀಳಿಸೋ ಯಂತ್ರ) ಶುರು ಮಾಡಿ. ಬ್ಯಾಚ್‌ನಲ್ಲಿ ತಕ್ಕಡಿ ಒಂದು ಸಲ ತೂಗಿ ಕೊಟ್ಟರೆ ಮುಗೀತು. ಇಲ್ಲಿ ಫೀಡರ್ ಪ್ರತಿ ಸೆಕೆಂಡೂ ತೂಗ್ತಾ ಇರ್ಬೇಕು. ಫಾರ್ಮುಲಾ ಉಳಿಯೋದೂ ಕೆಡೋದೂ ಅಲ್ಲೇ. ಬ್ಲೆಂಡರ್ ಸಣ್ಣ ಏರಿಳಿತ ನುಂಗುತ್ತೆ, ಆದ್ರೆ ಫೀಡರ್ ನಿಧಾನವಾಗಿ ಒಂದು ಕಡೆ ವಾಲ್ತಾ ಹೋದ್ರೆ ಅದನ್ನ ಸರಿಪಡಿಸೋ ಶಕ್ತಿ ಬ್ಲೆಂಡರ್‌ಗಿಲ್ಲ.

ಲೈನ್ ಖರೀದಿಗೆ ಮೊದಲು, ಫೀಡರ್ ಒಂದನ್ನೇ ಟೇಬಲ್ ಮೇಲಿಟ್ಟು ಈ ಪರೀಕ್ಷೆ ಮಾಡಿಸಿ. ಹಾಪರ್ (ಫೀಡರ್ ಮೇಲೆ ಪುಡಿ ತುಂಬೋ ಡಬ್ಬ) ಪೂರ್ತಿ ತುಂಬಿ, ಸ್ಕ್ರೂ ಒಂದೇ ವೇಗದಲ್ಲಿ ತಿರುಗಲಿ, ತೂಕದ ಕಂಟ್ರೋಲ್ ಬೇಡ. ಬಾಯಿಯ ಕೆಳಗೆ ಬೇರೆ ತಕ್ಕಡಿ ಇಟ್ಟು ಸೆಕೆಂಡಿಗೊಂದು ರೀಡಿಂಗ್ ತಗೊಳ್ಳಿ, ಹಾಪರ್ ಖಾಲಿ ಆಗೋವರೆಗೂ. ಒಂದು ಸುತ್ತಿಗೆ ಎಷ್ಟು ಗ್ರಾಂ ಬೀಳುತ್ತೆ ಅನ್ನೋದನ್ನ ಹಾಪರ್ ಮಟ್ಟದ ಎದುರು ಗ್ರಾಫ್ ಹಾಕಿ. ಮೇಲೆ ಪುಡಿಯ ಭಾರ ಇದ್ದಾಗ ಒತ್ತಾಗಿ ಬೀಳುತ್ತೆ, ಮಟ್ಟ ಇಳಿದ ಹಾಗೆ ಸಡಿಲ ಆಗುತ್ತೆ. ಗೆರೆ ಎಲ್ಲಿಂದ ಜಾರೋಕೆ ಶುರುವಾಗುತ್ತೋ ಅದಕ್ಕಿಂತ ಮೇಲೇನೇ ರೀಫಿಲ್ ಮಾಡ್ಬೇಕು. ಕಾರಣ ಇಷ್ಟೇ: ರೀಫಿಲ್ ಆಗೋ ಕೆಲವು ಸೆಕೆಂಡು ತೂಕದ ಸಿಗ್ನಲ್ ನಂಬೋ ಹಾಗಿಲ್ಲ, ಫೀಡರ್ ಹಳೇ ಲೆಕ್ಕದ ಮೇಲೆ ಕುರುಡಾಗಿ ಓಡ್ತಿರುತ್ತೆ. ಖಾಲಿ ಹಾಪರ್‌ಗೆ ಒಂದೇ ಸಲ ಎರಡು ಕೆಜಿ ಸುರಿದ್ರೆ ಅಷ್ಟು ಹೊತ್ತೂ ಹೆಚ್ಚಿಗೆ ಬೀಳುತ್ತೆ. ಸಣ್ಣಸಣ್ಣದಾಗಿ ಪದೇಪದೇ ತುಂಬೋದೇ ಕ್ಷೇಮ. ಪರೀಕ್ಷೆಯನ್ನ ಎಪಿಐಯ ಕನಿಷ್ಠ ಮೂರು ಲಾಟ್ ಮೇಲೆ ಮಾಡಿ, ಒಂದೇ ಲಾಟ್‌ನ ಗ್ರಾಫ್ ನೋಡಿ ಸಹಿ ಹಾಕ್ಬೇಡಿ. ಸ್ಕ್ರೂ ವೇಗ ಮೋಟರ್ ಮಿತಿಯ 20ರಿಂದ 80 ಪರ್ಸೆಂಟ್ ಒಳಗೆ ಇರೋ ಹಾಗೆ ಸ್ಕ್ರೂ ಆರಿಸಿ; ತೀರಾ ತಳಕ್ಕೆ ಹೋದ್ರೆ ಪ್ರತಿ ಸುತ್ತಿನ ಮಿಡಿತ ಬ್ಲೆಂಡರ್‌ವರೆಗೂ ಹೋಗುತ್ತೆ.

ನಿಮ್ಮ ಫಾರ್ಮುಲಾದಲ್ಲಿ ನಿಜವಾದ ತಲೆನೋವು ಸ್ಟಿಯರೇಟ್. ಗಂಟೆಗೆ 200 ಗ್ರಾಂ ಅಂದ್ರೆ ಸೆಕೆಂಡಿಗೆ ಸುಮಾರು 56 ಮಿಗ್ರಾಂ. ಅಷ್ಟು ಹಗುರ, ಅಷ್ಟು ಅಂಟು ಪುಡಿ ಸಮವಾಗಿ ಬೀಳಲ್ಲ, ಸ್ಕ್ರೂ ತುದಿಯಲ್ಲಿ ಉಂಡೆ ಕಟ್ಟಿ ಆಗಾಗ ತೊಪ್ಪೆಂದು ಬೀಳುತ್ತೆ. ಸಣ್ಣ ಅವಳಿ ಸ್ಕ್ರೂ ಮೈಕ್ರೋ ಫೀಡರ್ ಹಾಕಿ ನೋಡಿ. ಅದೂ ಕೈಕೊಟ್ಟರೆ ಒಂದು ಪಾಲು ಸ್ಟಿಯರೇಟ್‌ಗೆ ನಾಲ್ಕು ಪಾಲು ಸೆಲ್ಯುಲೋಸ್ ಸೇರಿಸಿ ಪ್ರೀಬ್ಲೆಂಡ್ ಮಾಡಿ. ಆಗ ಆ ಫೀಡರ್ ಗಂಟೆಗೆ 1 ಕೆಜಿ ಹಾಕ್ಬೇಕು, ಸೆಲ್ಯುಲೋಸ್ ಫೀಡರ್ 4.4 ಕೆಜಿಗೆ ಇಳಿಯುತ್ತೆ. ಆದ್ರೆ ಪ್ರೀಬ್ಲೆಂಡ್ ಅಂದ್ರೆ ಮತ್ತೆ ಒಂದು ಬ್ಯಾಚ್ ಹಂತ. ಅದಕ್ಕೆ ಹೋಲ್ಡ್ ಟೈಮ್ (ಎಷ್ಟು ಹೊತ್ತು ಇಡಬಹುದು ಅನ್ನೋ ಮಿತಿ) ಬೇಕು, ಪುಡಿ ಬೇರ್ಪಡಲ್ಲ ಅಂತ ತೋರಿಸ್ಬೇಕು. ಜೊತೆಗೆ ಸೆಲ್ಯುಲೋಸ್ ಮೇಲೆ ಸ್ಟಿಯರೇಟ್ ಪದರ ಆಗಲೇ ಕೂತಿರುತ್ತೆ, ಟ್ಯಾಬ್ಲೆಟ್ ಗಡಸುತನ ಇಳೀಬಹುದು. ಅದನ್ನ ಮೊದಲೇ ಅಳೆದು ನೋಡಿ.

ಮಾತ್ರೆವಿಭಾಗ

ಧನ್ಯವಾದ ಸರ್. ಫೀಡರ್ ಟೇಬಲ್ ಮೇಲೆ ಚೆನ್ನಾಗಿ ಓಡಿ, ಲೈನ್‌ಗೆ ಕೂರಿಸಿದ ಮೇಲೆ ಅಡ್ಡದಾರಿ ಹಿಡೀಬಹುದಾ?

ಪುಡಿಲೆಕ್ಕ

ಹಿಡಿಯುತ್ತೆ. ಅದರಲ್ಲಿ ಒಂದು ಕಾರಣ ಬಹಳ ಮೋಸದ್ದು, ವಿವರವಾಗಿಯೇ ಹೇಳ್ತೀನಿ.

ಹಾಪರ್ ಮೇಲಿನ ವೆಂಟ್ ಫಿಲ್ಟರ್ ನೋಡಿ. ಪ್ರತಿ ರೀಫಿಲ್‌ನಲ್ಲೂ ಪುಡಿ ಒಳಗೆ ಬಿದ್ದಷ್ಟೇ ಗಾಳಿ ಹೊರಗೆ ಹೋಗ್ಬೇಕು. ದೂಳು ಕೂತು ಫಿಲ್ಟರ್ ಕಟ್ಟಿಕೊಂಡ್ರೆ ಹಾಪರ್ ಒಳಗೆ ಒತ್ತಡ ಏರುತ್ತೆ. ಮೇಲಿನ ರೀಫಿಲ್ ವಾಲ್ವ್ ಬೇರೆ ಸ್ಟ್ಯಾಂಡ್ ಮೇಲಿದೆ, ನಡುವೆ ಬರೀ ಮೆದು ಬೆಲ್ಲೋ (ಮಡಿಕೆಯ ಜೋಡಣೆ ಕೊಳವೆ). ಹಾಗಾಗಿ ಆ ಒತ್ತಡ ಹಾಪರನ್ನ ಕೆಳಕ್ಕೆ ತಳ್ಳುತ್ತೆ. ಬಾಯಿ 150 ಮಿಮೀ ಅಗಲ ಇದ್ರೆ ಬರೀ 1 ಮಿಲಿಬಾರ್ ಒತ್ತಡಕ್ಕೆ ತಕ್ಕಡಿ ಸುಮಾರು 180 ಗ್ರಾಂ ಹೆಚ್ಚು ತೋರಿಸುತ್ತೆ. ಈ ಒತ್ತಡ ಹತ್ತು ನಿಮಿಷದಲ್ಲಿ ಮೆಲ್ಲಗೆ ಏರಿತು ಅನ್ಕೊಳ್ಳಿ: ಸೆಕೆಂಡಿಗೆ 0.3 ಗ್ರಾಂ ಸುಳ್ಳು ತೂಕ. ನಿಮ್ಮ ಎಪಿಐ ಬೀಳ್ಬೇಕಾದ್ದು ಸೆಕೆಂಡಿಗೆ 1.1 ಗ್ರಾಂ. ತೂಕ ಸಾಕಷ್ಟು ಇಳೀತಿಲ್ಲ ಅಂತ ಕಂಟ್ರೋಲರ್ ಸ್ಕ್ರೂ ವೇಗ ಏರಿಸುತ್ತೆ, ನಿಜವಾಗಿ ಬೀಳೋದು 1.4 ಗ್ರಾಂ, ಅಂದ್ರೆ 27 ಪರ್ಸೆಂಟ್ ಹೆಚ್ಚು. ಸ್ಕ್ರೀನ್ ಮೇಲೆ ಮಾತ್ರ 4.00 ಕೆಜಿ ಅಂತ ಹಸಿರು ದೀಪ. ಬಾಯಿಯ ಕೆಳಗಡೆ ಒತ್ತಡ ಬಂದ್ರೆ ಇದರ ತಿರುಗುಮುರುಗು, ಮಾಲು ಕಮ್ಮಿ ಬೀಳುತ್ತೆ.

ಹಿಡಿಯೋದು ಹೇಗೆ ಅಂದ್ರೆ ಸ್ಕ್ರೂ ವೇಗ ನೋಡಿ. ತೂಕದ ಹರಿವು ಸಮವಾಗಿದ್ದು ಸ್ಕ್ರೂ ವೇಗ ಒಂದೇ ಕಡೆ ಏರ್ತಿದ್ರೆ ಏನೋ ಸರಿಯಿಲ್ಲ. ಒಂದೋ ಪುಡಿಯ ಸಾಂದ್ರತೆ ಬದಲಾಗಿದೆ, ಇಲ್ಲಾ ತಕ್ಕಡಿ ಸುಳ್ಳು ಹೇಳ್ತಿದೆ. ಹಾಗಾಗಿ ಸುತ್ತಿಗೆ ಎಷ್ಟು ಗ್ರಾಂ ಅನ್ನೋ ಸಂಖ್ಯೆಗೆ ಅಲಾರಾಂ ಇಡಿ, ಹರಿವಿಗೊಂದಕ್ಕೇ ಇಟ್ಟು ಸುಮ್ಮನಾಗ್ಬೇಡಿ. ಉಳಿದವು ಸಣ್ಣವು: ಬೆಲ್ಲೋ ಬಿಗಿಯಾಗಿ ಕಟ್ಟಿರೋದು, ಎಸಿ ಗಾಳಿ ನೇರ ತಕ್ಕಡಿಗೆ ಹೊಡಿಯೋದು, ಪಕ್ಕದ ಬಾಗಿಲು ಜೋರಾಗಿ ಮುಚ್ಚೋದು.

ರೋಹಿತಕಿಟಕಿ

ಎನ್‌ಐಆರ್ ಬಗ್ಗೆ ನಾನು ಹೇಳ್ತೀನಿ. ಪ್ರೋಬ್ ಬ್ಲೆಂಡರ್ ಬಾಯಿಗಿಂತ ಪ್ರೆಸ್‌ನ ಫೀಡ್ ಫ್ರೇಮ್‌ನಲ್ಲಿ ಇಡೋದು ಒಳ್ಳೇದು, ಪುಡಿ ಡೈಗೆ (ಟ್ಯಾಬ್ಲೆಟ್ ಅಚ್ಚಿಗೆ) ಇಳಿಯೋಕೆ ಮುಂಚಿನ ಕೊನೇ ಜಾಗ ಅದು. ಆದ್ರೆ ಅಲ್ಲಿ ಪ್ಯಾಡಲ್ ತಿರುಗ್ತಿರುತ್ತೆ. ರೆಕ್ಕೆ ಕಿಟಕಿ ಎದುರು ಬಂದ ಕ್ಷಣ ಪುಡಿ ಬದಲು ಸ್ಟೀಲ್ ಕಾಣುತ್ತೆ, ಸ್ಪೆಕ್ಟ್ರಂ ಕೆಡುತ್ತೆ. ಪ್ಯಾಡಲ್ ಸ್ಥಾನಕ್ಕೆ ಸ್ಕ್ಯಾನ್ ಕಟ್ಟಿಹಾಕ್ಬೇಕು, ಇಲ್ಲಾ ಅಂಥ ಸ್ಪೆಕ್ಟ್ರಂಗಳನ್ನ ಸೋಸ್ಬೇಕು. ರೆಕ್ಕೆಗೂ ಕಿಟಕಿಗೂ ನಡುವಿನ ಅಂತರವನ್ನ ಸೆಟಪ್ ಶೀಟ್‌ನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಬರೆದಿಡಿ. ಪ್ರೆಸ್ ಬಿಚ್ಚಿ ತೊಳೆದು ಮತ್ತೆ ಜೋಡಿಸಿದಾಗ ಅದು ಬದಲಾದ್ರೆ, ಸ್ಪೆಕ್ಟ್ರಂನಿಂದ ಎಪಿಐ ಪ್ರಮಾಣ ಲೆಕ್ಕ ಹಾಕೋ ಮಾಡೆಲ್ ಕೊಡೋ ಸಂಖ್ಯೆಯೂ ಬದಲಾಗುತ್ತೆ. ಕಿಟಕಿ ಮೇಲೆ ಪುಡಿ ಮೆತ್ತಿಕೊಂಡ್ರೆ ಗೆರೆ ಅನುಮಾನ ಬರೋ ಹಾಗೆ ಸಪಾಟಾಗುತ್ತೆ. ಏರಿಳಿತವೇ ಇಲ್ಲದ ಗೆರೆ ಕಂಡ್ರೆ ಖುಷಿ ಪಡ್ಬೇಡಿ, ಕಿಟಕಿ ನೋಡಿ.

ನಿಮ್ಮ ವೇಗದಲ್ಲಿ ಸೆಕೆಂಡಿಗೆ 28 ಟ್ಯಾಬ್ಲೆಟ್‌ನಷ್ಟು ಮಾಲು ಹೋಗುತ್ತೆ. ಕಿರಣ ಪುಡಿಯೊಳಗೆ ತುಂಬ ಆಳಕ್ಕೆ ಇಳಿಯಲ್ಲ, ಒಂದು ಸ್ಕ್ಯಾನ್‌ಗೆ ಕಾಣೋದು ಸ್ವಲ್ಪವೇ ಪುಡಿ. ಎಷ್ಟು ಸ್ಕ್ಯಾನ್ ಸೇರಿಸಿ ಸರಾಸರಿ ತಗೊಂಡ್ರೆ ಒಂದು ಟ್ಯಾಬ್ಲೆಟ್ ತೂಕಕ್ಕೆ ಸರಿಹೋಗುತ್ತೆ ಅನ್ನೋದನ್ನ ಲೆಕ್ಕ ಹಾಕಿ ಸಮರ್ಥಿಸ್ಬೇಕು. ಜಾಸ್ತಿ ಸೇರಿಸಿದ್ರೆ ನಿಜವಾದ ಏರಿಳಿತ ಮುಚ್ಚಿಹೋಗುತ್ತೆ, ಕಮ್ಮಿ ಆದ್ರೆ ಬರೀ ಗದ್ದಲ.

ಮಾಡೆಲ್ ಕಟ್ಟೋಕೆ ಲೈನ್‌ನ ಫೀಡರ್ ಅನುಪಾತವನ್ನೇ ಬದಲಾಯಿಸಿ, ಎಪಿಐ ಗುರಿಯ 70, 85, 100, 115, 130 ಪರ್ಸೆಂಟ್ ಮಟ್ಟ ಓಡಿಸಿ. ಒಂದೊಂದು ಮಟ್ಟಕ್ಕೆ ಐದು ನಿಮಿಷ ಅಂದ್ರೆ 1.67 ಕೆಜಿ ಮಾಲು. ಬ್ಯಾಚ್‌ನಲ್ಲಿ ಇದೇ ಕೆಲಸಕ್ಕೆ ಐದು ಬ್ಲೆಂಡ್ ಬೇಕಿತ್ತು. ಡೆವಲಪ್‌ಮೆಂಟ್‌ನಲ್ಲಿ ಈ ತಂತ್ರಜ್ಞಾನ ಕೊಡೋ ದೊಡ್ಡ ಲಾಭ ಇದು: ಪ್ರಯೋಗ ಮಾಡೋದೂ ಮಾರಾಟದ ಮಾಲು ಮಾಡೋದೂ ಒಂದೇ ಮಷೀನ್‌ನಲ್ಲಿ, ಸ್ಕೇಲ್‌ಅಪ್ ಅಂದ್ರೆ ಹೆಚ್ಚು ಹೊತ್ತು ಓಡಿಸೋದಷ್ಟೇ. ಬೇರೆ ಬೇರೆ ಲಾಟ್, ಬೇರೆ ತೇವಾಂಶ ಮಾಡೆಲ್ ಒಳಗೆ ಬರಲೇಬೇಕು. ಲ್ಯಾಕ್ಟೋಸ್ ಸಪ್ಲೈಯರ್ ಬದಲಾದ ದಿನ ಮಾಡೆಲ್ ಮತ್ತೆ ಪರೀಕ್ಷೆ ಆಗ್ಬೇಕು.

ಎಚ್‌ಪಿಎಲ್‌ಸಿ ಬಿಡೋ ಮಾತು: ರಿಯಲ್ ಟೈಮ್ ರಿಲೀಸ್‌ಗೆ (ಲೈನ್‌ನ ಡೇಟಾ ನೋಡಿಯೇ ಮಾಲು ಬಿಡುಗಡೆ ಮಾಡೋದು) ಅನುಮತಿ ಸಿಕ್ಕ ಮೇಲೆ ದಿನನಿತ್ಯದ ಅಸ್ಸೇ (ಒಟ್ಟು ಔಷಧಿ ಪ್ರಮಾಣ) ಮತ್ತು ಕಂಟೆಂಟ್ ಯೂನಿಫಾರ್ಮಿಟಿಗೆ (ಪ್ರತಿ ಟ್ಯಾಬ್ಲೆಟ್‌ನಲ್ಲೂ ಒಂದೇ ಪ್ರಮಾಣ ಇದೆಯಾ ಅನ್ನೋದು) ಬಿಡಬಹುದು. ಆದ್ರೆ ಮಾಡೆಲ್ ಸರಿಯಿದೆ ಅಂತ ಆಗಾಗ ತಾಳೆ ನೋಡೋಕೆ, ಸ್ಟೆಬಿಲಿಟಿಗೆ, ಇಂಪ್ಯೂರಿಟಿಗೆ ಎಚ್‌ಪಿಎಲ್‌ಸಿ ಇರ್ಲೇಬೇಕು. 1 ಪರ್ಸೆಂಟ್ ಸ್ಟಿಯರೇಟನ್ನ ಈ ಪ್ರೋಬ್ ನಂಬಿಕೆಯಿಂದ ಅಳೆಯುತ್ತೆ ಅಂತ ಭಾವಿಸ್ಬೇಡಿ, ಅದಕ್ಕೆ ಫೀಡರ್ ತೂಕವೇ ಆಧಾರ. ಪ್ರೋಬ್ ಕೆಟ್ಟರೆ ಏನು ಅನ್ನೋ ಪ್ಲಾನ್ ಮೊದಲೇ ಫೈಲಿಂಗ್‌ನಲ್ಲಿ (ಅನುಮತಿ ಅರ್ಜಿಯಲ್ಲಿ) ಇರಲಿ: ಫೀಡರ್ ಡೇಟಾ, ಜೊತೆಗೆ ನಿಗದಿತ ಅಂತರದಲ್ಲಿ ಟ್ಯಾಬ್ಲೆಟ್ ತೆಗೆದು ಲ್ಯಾಬ್‌ಗೆ.

ಹರಿವುಗಣಿತ

ಎಷ್ಟು ಎಸೀಬೇಕು ಅನ್ನೋದಕ್ಕೆ ರೆಸಿಡೆನ್ಸ್ ಟೈಮ್ ಡಿಸ್ಟ್ರಿಬ್ಯೂಶನ್ (ಪುಡಿ ಲೈನ್ ಒಳಗೆ ಎಷ್ಟೆಷ್ಟು ಹೊತ್ತು ಇರುತ್ತೆ ಅನ್ನೋ ಲೆಕ್ಕ) ಬೇಕು. ಲೈನ್ ಸ್ಥಿರವಾಗಿ ಓಡ್ತಿರುವಾಗ ಟ್ರೇಸರ್ (ಗುರುತಿಗೆ ಹಾಕೋ ಪುಡಿ) ಒಂದಿಷ್ಟು ತಟ್ಟನೆ ಹಾಕಿ, ಅದು ಕೊನೆಗೆ ಎಷ್ಟು ಹೊತ್ತಿಗೆ, ಎಷ್ಟು ಹರಡಿ ಬರುತ್ತೆ ಅಂತ ಅಳೆಯೋದು. ಬ್ಲೆಂಡರ್ ಆರ್‌ಪಿಎಂ ಮತ್ತು ಹರಿವು ಬದಲಾದ್ರೆ ಅದೂ ಬದಲಾಗುತ್ತೆ, ಆದ್ದರಿಂದ ನೀವು ಓಡಿಸೋ ಮಿತಿಯ ಎರಡೂ ತುದಿಯಲ್ಲಿ ಅಳೆಯಿರಿ.

ಸರಾಸರಿ 60 ಸೆಕೆಂಡು, ಪೂರ್ತಿ ಕಲಸುವ ಒಂದೇ ತೊಟ್ಟಿ ಅಂತ ಸರಳ ಮಾಡಿ ಲೆಕ್ಕ ತೋರಿಸ್ತೀನಿ. ಎಪಿಐ ಫೀಡರ್ 10 ಸೆಕೆಂಡು ಪೂರ್ತಿ ನಿಂತ್ರೆ ಬ್ಲೆಂಡ್‌ನಲ್ಲಿ ಎಪಿಐ ಸುಮಾರು 15 ಪರ್ಸೆಂಟ್ ಇಳಿಯುತ್ತೆ. ಮಿತಿ 5 ಪರ್ಸೆಂಟ್ ಇದ್ರೆ, ಫೀಡರ್ ನಿಂತ 3ನೇ ಸೆಕೆಂಡಿಗೆ ಮಿತಿ ದಾಟುತ್ತೆ, ವಾಪಸ್ ಬರೋದು 77ನೇ ಸೆಕೆಂಡಿನ ಹೊತ್ತಿಗೆ. ಸುಮಾರು 75 ಸೆಕೆಂಡಿನ ಮಾಲು ಅಂದ್ರೆ 415 ಗ್ರಾಂ, ಎರಡು ಸಾವಿರ ಚಿಲ್ಲರೆ ಟ್ಯಾಬ್ಲೆಟ್. ಅದೇ ಫೀಡರ್ 30 ಸೆಕೆಂಡು 10 ಪರ್ಸೆಂಟ್ ಹೆಚ್ಚು ಹಾಕಿದ್ರೆ ಬ್ಲೆಂಡ್ ಏರೋದು 4 ಪರ್ಸೆಂಟ್ ಒಳಗೇ, ಏನೂ ಎಸೀಬೇಕಿಲ್ಲ. ಎಪಿಐ ನಿಂತಾಗ ಒಟ್ಟು ಹರಿವೂ ಐದರಲ್ಲೊಂದು ಪಾಲು ಇಳಿಯುತ್ತೆ, ಪೈಪ್‌ನ ಡೆಡ್ ಟೈಮ್ (ಪುಡಿ ದಾಟೋಕೆ ಹಿಡಿಯೋ ತಡ) ಬೇರೆ ಇರುತ್ತೆ. ಇದನ್ನೆಲ್ಲ ನಿಜವಾದ ಮಾಡೆಲ್‌ನಲ್ಲಿ ಸೇರಿಸಿ, ಎರಡೂ ಬದಿಗೆ ಸುರಕ್ಷತಾ ಅಂತರ ಕೊಟ್ಟು ರಿಜೆಕ್ಟ್ ಗೇಟ್ ತೆರೀಬೇಕು.

ಸ್ಟಾರ್ಟ್‌ಅಪ್ ನಷ್ಟವೂ ಇದೇ ಲೆಕ್ಕ. ಐದು ಪಟ್ಟು ರೆಸಿಡೆನ್ಸ್ ಟೈಮ್ ಕಾದ್ರೆ 99 ಪರ್ಸೆಂಟ್ ದಾಟುತ್ತೆ: 5 ನಿಮಿಷ, ಸುಮಾರು 8,300 ಟ್ಯಾಬ್ಲೆಟ್. ಐದು ಗಂಟೆ ಓಡಿಸಿದ್ರೆ ಅದು ದೊಡ್ಡದಲ್ಲ, ಒಂದೇ ಗಂಟೆ ಓಡಿಸಿದ್ರೆ ದುಬಾರಿ.

ಒಂದು ಮಾತು ಯಾರೂ ಹೇಳಲ್ಲ: ಫೀಡರ್, ಎನ್‌ಐಆರ್, ಪ್ರೆಸ್ ಮೂರರ ಗಡಿಯಾರ ಒಂದೇ ಸರ್ವರ್‌ಗೆ ಕಟ್ಟಿರ್ಬೇಕು. ಕೆಲವೇ ಸೆಕೆಂಡು ಹಿಂದೆಮುಂದೆ ಆದ್ರೂ ಗೇಟ್ ತಪ್ಪು ಟ್ಯಾಬ್ಲೆಟ್ ಎಸೆದು, ಕೆಟ್ಟದ್ದನ್ನ ಒಳಗೆ ಬಿಡುತ್ತೆ.

ಕ್ಯೂಎಮೇಜು

ಬ್ಯಾಚ್ ವಿಚಾರ. ಕಂಟಿನ್ಯುಯಸ್ ತಯಾರಿಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಕ್ಯೂ13 2022ರ ನವೆಂಬರ್‌ನಲ್ಲಿ ಅಂತಿಮ ಆಯ್ತು. ಅದರ ಪ್ರಕಾರ ಬಂದ ಮಾಲಿನ ಪ್ರಮಾಣ, ಹಾಕಿದ ಮಾಲಿನ ಪ್ರಮಾಣ, ಇಲ್ಲಾ ನಿಗದಿತ ಹರಿವಿನಲ್ಲಿ ಓಡಿದ ಸಮಯ, ಯಾವುದರ ಮೇಲಾದ್ರೂ ಬ್ಯಾಚ್ ಗುರುತಿಸಬಹುದು. ಆದ್ರೆ ಓಡಿಸೋಕೆ ಮುಂಚೆ ಬರೆದಿಟ್ಟಿರ್ಬೇಕು, ಓಡಿಸಿದ ಮೇಲೆ ಅಲ್ಲ. ನಿಮಗೆ 20 ಕೆಜಿಯಲ್ಲಿ 5 ಗಂಟೆ ಅಂದ್ರೆ ಹಳೇ 100 ಕೆಜಿಯೇ ಆಗುತ್ತೆ, ಮೊದಲ ಫೈಲಿಂಗ್‌ಗೆ ಅದೇ ಸುಲಭ. ಎಪಿಐ ಲಾಟ್ ಮಧ್ಯದಲ್ಲಿ ಬದಲಾದ್ರೆ ರೀಫಿಲ್ ಸಮಯ ಹಿಡಿದು, ಯಾವ ಟ್ಯಾಬ್ಲೆಟ್‌ನಲ್ಲಿ ಎರಡೂ ಲಾಟ್ ಬೆರೆತಿದೆ ಅಂತ ಹೇಳೋಕೆ ಬರ್ಬೇಕು. ಮುಂದೆ ರೀಕಾಲ್ ಬಂದ್ರೆ ಅದೇ ಕಾಪಾಡೋದು.

ಬ್ಯಾಚ್‌ನಿಂದ ಬದಲಾಯಿಸೋದಕ್ಕೆ ಉದಾಹರಣೆ ಇದೆ. 2015ರಲ್ಲಿ ವರ್ಟೆಕ್ಸ್‌ನ ಒರ್ಕಾಂಬಿ ಮೊದಲಿಂದಲೇ ಕಂಟಿನ್ಯುಯಸ್ ಆಗಿ ಅನುಮತಿ ಪಡೀತು. 2016ರ ಏಪ್ರಿಲ್‌ನಲ್ಲಿ ಜಾನ್ಸನ್ ಅಂಡ್ ಜಾನ್ಸನ್‌ನ ಎಚ್‌ಐವಿ ಔಷಧಿ ಪ್ರೆಜಿಸ್ಟಾಗೆ ಅಮೆರಿಕದ ಎಫ್‌ಡಿಎ ಬ್ಯಾಚ್‌ನಿಂದ ಕಂಟಿನ್ಯುಯಸ್‌ಗೆ ಬದಲಾಯಿಸೋಕೆ ಒಪ್ಪಿತು, ಘಟಕ ಪೋರ್ಟೊರಿಕೊದ ಗುರಾಬೊದಲ್ಲಿ. ಅಂಥ ಬದಲಾವಣೆಯ ಮೊದಲ ಅನುಮತಿ ಅದು.

ಒಂದು ಎಚ್ಚರಿಕೆ ಮಾತ್ರ. ಒಂದೇ ಲೈನ್ ಮೇಲೆ ಇಪ್ಪತ್ತು ಮೂವತ್ತು ಪ್ರಾಡಕ್ಟ್ ತಿರುಗಿಸೋ ಜೆನೆರಿಕ್ ಘಟಕವಾದ್ರೆ ಇದು ಬೇಡ ಅಂತೀನಿ. ಐದು ಫೀಡರ್ ಬಿಚ್ಚಿ ತೊಳೆದು ಜೋಡಿಸಿ, ಪ್ರತಿ ಪ್ರಾಡಕ್ಟ್‌ಗೂ ಬೇರೆ ಎನ್‌ಐಆರ್ ಮಾಡೆಲ್ ಸಾಕೋದ್ರಲ್ಲೇ ಲಾಭ ಕರಗುತ್ತೆ. ವರ್ಷಪೂರ್ತಿ ಓಡೋ ಒಂದೆರಡು ದೊಡ್ಡ ಪ್ರಾಡಕ್ಟ್ ಇದ್ರೆ ಖಂಡಿತ ಮಾಡಿ.

ಮಾತ್ರೆವಿಭಾಗ

ಇದು ವರ್ಷಪೂರ್ತಿ ಓಡೋ ಪ್ರಾಡಕ್ಟೇ. ಹಾಗಿದ್ರೆ ಮೊದಲು ಎಪಿಐ ಮೂರು ಲಾಟ್, ಸ್ಟಿಯರೇಟ್ ಎರಡು ಬಗೆ ಫೀಡರ್ ಪರೀಕ್ಷೆಗೆ ಕಳಿಸ್ತೀವಿ. ಎಷ್ಟು ಮಾಲು ಕಳಿಸ್ಬೇಕು ಪುಡಿಲೆಕ್ಕ ಸರ್?

ಪುಡಿಲೆಕ್ಕ

ಎಪಿಐ ಪ್ರತಿ ಲಾಟ್ 10 ಕೆಜಿ: ಖಾಲಿ ಮಾಡೋ ಓಟಕ್ಕೆ ಅರ್ಧ, ರೀಫಿಲ್ ಸಹಿತ ಒಂದು ಗಂಟೆ ಓಟಕ್ಕೆ ಉಳಿದರ್ಧ. ಬೀಳಿಸಿದ ಪುಡಿ ವಾಪಸ್ ಹಾಪರ್‌ಗೆ ಹಾಕೋಕೆ ಬಿಡ್ಬೇಡಿ, ಸ್ಕ್ರೂ ತೀಡಿದ ಪುಡಿ ಹೊಸದರ ಹಾಗೆ ಹರಿಯಲ್ಲ. ಸ್ಟಿಯರೇಟ್ ಒಂದೊಂದು ಬಗೆಗೆ 2 ಕೆಜಿ ಸಾಕು. ಪರೀಕ್ಷೆ ರೂಮಿನ ತೇವಾಂಶ ನಿಮ್ಮ ಪ್ಲಾಂಟ್‌ದೇ ಇರಲಿ ಅಂತ ಮೊದಲೇ ಬರೆದು ಕೇಳಿ. ವರದಿಯಲ್ಲಿ ಸರಾಸರಿ ಕೊಟ್ರೆ ಒಪ್ಕೋಬೇಡಿ, ಸೆಕೆಂಡ್ ಸೆಕೆಂಡಿನ ಕಚ್ಚಾ ಡೇಟಾ ಫೈಲೇ ಬೇಕು ಅನ್ನಿ.