ಯಕ್ಷಗಾನ ಹಿಮ್ಮೇಳದವರ ಕಿವಿ: ಡಾಕ್ಟ್ರಲ್ಲಿ ಕೇಳಿ

ಅಡ್ಮಿನ್: ಕಿವಿ-ಮೂಗು-ಗಂಟಲು ಡಾಕ್ಟ್ರು ಈಗ ಗ್ರೂಪಿನಲ್ಲಿದ್ದಾರೆ. ಕಿವಿಯ ವಿಷಯ ಮಾತ್ರ ಕೇಳಿ.

ಚೆಂಡೆ, ಬದಿಯಡ್ಕ: ನಮಸ್ಕಾರ ಡಾಕ್ಟ್ರೇ. ಆಟ ಮುಗಿಸಿ ಬಂದರೆ ಮರುದಿನ ಮಧ್ಯಾಹ್ನದವರೆಗೆ ಕಿವಿಯಲ್ಲಿ ಗುಂಯ್ ಅಂತದೆ. ಮತ್ತೆ ಸರಿಯಾಗ್ತದೆ. ತೊಂದರೆ ಉಂಟಾ?

ಡಾಕ್ಟರ್: ಉಂಟು. ಗುಂಯ್ ನಿಂತರೂ ಒಳಗೆ ಪೆಟ್ಟು ಉಳಿದಿರಬಹುದು. ಶಬ್ದ ಹಿಡಿಯುವ ಒಳಗಿವಿಯ ರೋಮಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬರೇ 15 ನಿಮಿಷ. ಫಿಲ್ಟರ್ ಇರುವ ಮ್ಯುಸಿಷಿಯನ್ ಇಯರ್‌ಪ್ಲಗ್ ಹಾಕಿ. ಎಲ್ಲ ಸ್ವರವನ್ನೂ ಹೆಚ್ಚುಕಮ್ಮಿ ಸಮನಾಗಿ ತಗ್ಗಿಸುತ್ತದೆ, ಭಾಗವತರ ಪದ ಕೇಳುತ್ತದೆ.

ಮದ್ದಳೆ, ನೀರ್ಚಾಲು: ಹತ್ತಿ ಇಟ್ಟರೆ ಸಾಕಾ?

ಡಾಕ್ಟರ್: ಸಾಲದು.

ಭಾಗವತರು, ಪೆರ್ಲ: ಚೆಂಡೆಯಿಂದ ಅಲ್ಲ, ನಮ್ಮ ಕಡೆಗೆ ಇಡುವ ಮಾನಿಟರ್ ಸ್ಪೀಕರಿನಿಂದ ಕಿವಿ ಹೋಗುದು. ಸೌಂಡಿನವರು ಹೇಳಿದ್ದು ಕೇಳುದಿಲ್ಲ.

ಸೌಂಡ್ಸ್, ಉಪ್ಪಳ: ಭಾಗವತ್ರೇ, ಪದಕ್ಕೊಮ್ಮೆ ಕೈ ಎತ್ತಿ ‘ಜಾಸ್ತಿ ಕೊಡು’ ಹೇಳುದು ಯಾರು?

ಭಾಗವತರು, ಪೆರ್ಲ: ನನ್ನ ಸ್ವರ ನನಗೆ ಕೇಳ್ಬೇಡ್ವಾ ಮಾರಾಯ್ರೆ?

ಹಾರ್ಮೋನಿಯಂ, ಕುಂಬಳೆ: ಫಾರ್ವರ್ಡ್ ಬಂದದ್ದು: ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ 3 ಹನಿ, 7 ದಿನದಲ್ಲಿ ಕಿವಿ ಮೊರೆತ ಮಾಯ 🙏

ಡಾಕ್ಟರ್: ಹಾಕಬೇಡಿ. ಮೊರೆತದ ಮೂಲ ಕಿವಿ ತಮಟೆಯ ಆಚೆಗೆ, ಎಣ್ಣೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಚರ್ಮ ಸುಡುತ್ತದೆ. ತಮಟೆ ತೂತಾಗಿದ್ದರೆ ಮತ್ತೂ ಅಪಾಯ.

ಚೆಂಡೆ, ಮುಳ್ಳೇರಿಯ: ಡಾಕ್ಟ್ರೇ, ಅಕ್ಕನ ಮಗ ಚೆಂಡೆ ಕಲೀತಿದ್ದಾನೆ. ಮೊನ್ನೆ ಬೆಳಗ್ಗೆ ಏಳುವಾಗ ಬಲಗಿವಿ ಕಟ್ಟಿದ ಹಾಗೆ, ಜೋರು ಮೊರೆತ. ಆ ಕಡೆ ಫೋನ್ ಇಟ್ಟರೆ ಕೇಳುದಿಲ್ಲ. ಶೀತ ಅಂತ ಬಿಟ್ಟಿದ್ದೇವೆ. ಪತ್ತನಾಜೆ (ಆಟದ ಸೀಸನ್ ಮುಗಿಯುವ ದಿನ) ಕಳಿದು ತೋರಿಸುವ ಅಂತ.

ಡಾಕ್ಟರ್: ಪತ್ತನಾಜೆಗೆ ಕಾಯಬೇಡಿ. ಅವನು ಹತ್ತಿರ ಇದ್ದಾನಾ? ಬಾಯಿ ಮುಚ್ಚಿ, ಶ್ರುತಿ ಹಿಡಿದ ಹಾಗೆ ‘ಮ್’ ಎಳೆಯಲಿ. ಯಾವ ಕಿವಿಯಲ್ಲಿ ಜೋರು ಕೇಳುತ್ತದೆ?

ಚೆಂಡೆ, ಮುಳ್ಳೇರಿಯ: ಎಡದಲ್ಲಿ ಅಂತಾನೆ. ಬಲದಲ್ಲಿ ಇಲ್ಲವೇ ಇಲ್ಲ.

ಡಾಕ್ಟರ್: ಗುಗ್ಗೆಯೋ ಶೀತವೋ ಕಟ್ಟಿದ್ದರೆ ಕಟ್ಟಿದ ಕಿವಿಯಲ್ಲೇ ಜೋರು ಕೇಳಬೇಕಿತ್ತು. ಒಳ್ಳೆಯ ಕಿವಿಗೆ ಹೋಯಿತು ಅಂದರೆ ಒಳಗಿವಿಯ ಅಥವಾ ನರದ ಸಂಶಯ. ಮನೆಯ ಪರೀಕ್ಷೆ ಇಷ್ಟೇ ಹೇಳುತ್ತದೆ. ಖಾತ್ರಿಗೆ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆ, ಆಗಬೇಕು. ಹೀಗೆ ಮೂರು ದಿನದೊಳಗೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗುವುದು ತುರ್ತು. ಸ್ಟಿರಾಯ್ಡ್ ಬೇಗ ಶುರು ಮಾಡಿದರೆ ಕಿವಿ ಮರಳುವ ಅವಕಾಶ ಹೆಚ್ಚು, ಎರಡು ವಾರ ದಾಟಿದರೆ ತೀರಾ ಕಮ್ಮಿ. ಸಕ್ಕರೆ ಕಾಯಿಲೆ ಇದ್ದರೆ ಆಸ್ಪತ್ರೆಯಲ್ಲಿ ಹೇಳಿ. ಗಡ್ಡೆ ಇಲ್ಲವೆಂದು ತಿಳಿಯಲು ಆಮೇಲೆ ಎಂಆರ್‌ಐ ಬೇಕಾಗುತ್ತದೆ. ಮೊದಲೇ ಹೆದರಿಸಬೇಡಿ ಅವನನ್ನು.

ಹಾರ್ಮೋನಿಯಂ, ಕುಂಬಳೆ: ಅಷ್ಟರವರೆಗೆ ಬೆಳ್ಳುಳ್ಳಿ ಹಾಕಿ ನೋಡ್ಬಹುದಲ್ಲ?

ಡಾಕ್ಟರ್: ಹುಡುಗನ ಕಿವಿ ಹೋಗುತ್ತಿದೆ. ಆ ಫಾರ್ವರ್ಡ್ ಅಳಿಸಿ.

ಚೆಂಡೆ, ಮುಳ್ಳೇರಿಯ: ಮಂಗಳೂರಿಗಾ, ಕಾಸರಗೋಡಿಗಾ?

ಚಕ್ರತಾಳ, ಮಂಜೇಶ್ವರ: ಮಂಗಳೂರೇ ಒಳ್ಳೇದು.

ಮದ್ದಳೆ, ನೀರ್ಚಾಲು: ಎಲ್ಲದಕ್ಕೂ ಗಡಿ ದಾಟುದು ಎಂತಕ್ಕೆ? ಇಲ್ಲಿ ಡಾಕ್ಟ್ರು ಇಲ್ವಾ?

ಚಕ್ರತಾಳ, ಮಂಜೇಶ್ವರ: ನಿಮ್ಮ ಹತ್ರ ಕೇಳಿದ್ದಲ್ಲ.

ಡಾಕ್ಟರ್: ಆಡಿಯೋಗ್ರಾಂ ಎಲ್ಲಿ ಇವತ್ತೇ ಆಗುತ್ತದೋ ಅಲ್ಲಿಗೆ. ಫೋನ್ ಮಾಡಿ ಕೇಳಿ ಹೊರಡಿ.

ವೇಷಧಾರಿ, ಅಡೂರು: ಹಿಯರಿಂಗ್ ಏಡ್ ಹಾಕಿ ರಂಗಕ್ಕೆ ಹೋಗ್ಬಹುದಾ?

ಹಿರಿಯ ಮದ್ದಳೆಗಾರರು: ನನಗೆ ಎರಡೂ ಕಿವಿಯಲ್ಲಿ ವರ್ಷಗಟ್ಟಲೆ ಜೀರುಂಡೆ. ಮಲಗಿದರೆ ಹೆಚ್ಚು. ಮಾತ್ರೆ ಉಂಟಾ?

ಡಾಕ್ಟರ್: ಇದನ್ನು ಇಲ್ಲವಾಗಿಸುವ ಮಾತ್ರೆ ಇಲ್ಲ ಅಣ್ಣ. ಮೌನದಲ್ಲಿ ಅದೇ ದೊಡ್ಡದಾಗುತ್ತದೆ. ಫ್ಯಾನ್ ಅಥವಾ ಸಣ್ಣಗೆ ತಂಬೂರಿ ಇಟ್ಟು ಮಲಗಿ. ಕೇಳುವುದು ಕಮ್ಮಿಯಾಗಿದ್ದರೆ ಹಿಯರಿಂಗ್ ಏಡಿನಿಂದ ಮೊರೆತವೂ ತಗ್ಗಬಹುದು. ನಿದ್ದೆ, ಮನಸ್ಸು ಕೆಟ್ಟಿದ್ದರೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಉಂಟು. ಸದ್ದು ಉಳಿದರೂ ಅದರ ಕಾಟ ಇಳಿಯುತ್ತದೆ. ನಾಡಿ ಬಡಿದ ಹಾಗೆ ಸದ್ದು ಬಂದರೆ ಮಾತ್ರ ತಡಮಾಡಬೇಡಿ.

ಗೊಂಬೆಯಾಟ, ಕಾಸರಗೋಡು: ಹತ್ತಿ ಇಟ್ಟರೆ ಆಗ್ತದಾ ಡಾಕ್ಟ್ರೇ?

ಡಾಕ್ಟರ್: ಮೇಲೆ ಓದಿ.

ಸೌಂಡ್ಸ್, ಉಪ್ಪಳ: ಭಾಗವತ್ರೇ, ನಾಳೆಯಿಂದ ಮಾನಿಟರ್ ಬಂದ್ ಮಾಡ್ತೇನೆ. ಮತ್ತೆ ಬೊಬ್ಬೆ ಹೊಡೀಬೇಡಿ.

ಚೆಂಡೆ, ಮುಳ್ಳೇರಿಯ: ಹೊರಟೆವು. ಪರೀಕ್ಷೆ ಇವತ್ತೇ ಆಗ್ತದಂತೆ. ರಾತ್ರಿ ಆಟಕ್ಕೆ ಕರ್ಕೊಂಡು ಹೋಗ್ಬಹುದಾ?

ಡಾಕ್ಟರ್: ಬೇಡ. ಆಡಿಯೋಗ್ರಾಂ ಆದ ಕೂಡಲೇ ನನಗೆ ಫೋನ್ ಮಾಡಿ.