ಸಹಾಯ ಬೇಕು: 73939133ರ ಕೊನೆಗೆ 3 ಅಥವಾ 9 ಯಾಕೆ ಕೂರುವುದಿಲ್ಲ?

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ 73939133 ಎಂಬ ಸಂಖ್ಯೆ ತಲೆ ತಿನ್ನುತ್ತಿದೆ. ಇದು ಅವಿಭಾಜ್ಯ. ಬಲತುದಿಯಿಂದ ಒಂದೊಂದೇ ಅಂಕಿ ಅಳಿಸುತ್ತಾ ಹೋದರೆ 7393913, 739391, 73939, 7393, 739, 73, 7 ಸಿಗುತ್ತವೆ, ಅವೂ ಅಷ್ಟೂ ಅವಿಭಾಜ್ಯಗಳೇ! ಈ ಗುಣವಿರುವ ಸಂಖ್ಯೆಗಳು ದಶಮಾನ ಪದ್ಧತಿಯಲ್ಲಿ ಒಟ್ಟು 83, ಅವುಗಳಲ್ಲಿ ಅತಿ ದೊಡ್ಡದು ಇದೇ.

ಅಂದರೆ ಇದರ ಕೊನೆಗೆ ಯಾವ ಅಂಕಿ ಸೇರಿಸಿದರೂ ಅವಿಭಾಜ್ಯ ಆಗಬಾರದು. ಸಮ ಅಂಕಿ ಮತ್ತು 5 ಬಿಡಿ, ಅದು ಗೊತ್ತಿದ್ದದ್ದೇ. ಅಂಕಿಗಳ ಮೊತ್ತ 38. ಹಾಗಾಗಿ 1 ಸೇರಿಸಿದರೆ 39, 7 ಸೇರಿಸಿದರೆ 45, ಎರಡೂ ಮೂರರ ಮಗ್ಗಿಗೆ ಬಿದ್ದವು. ಇಲ್ಲಿವರೆಗೆ ಖುಷಿಯಾಗಿದ್ದೆ.

ಉಳಿದದ್ದು 739391333 ಮತ್ತು 739391339. ಎರಡನ್ನೂ 47ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಕೈಯಲ್ಲೇ ಭಾಗಿಸಿದೆ (ಹೌದು, ಹುಚ್ಚು), ಒಂದೂ ನಿಶ್ಶೇಷವಾಗಿ ಹೋಗಲಿಲ್ಲ. ವರ್ಗಮೂಲ 27191ರ ಆಸುಪಾಸು, ಅಲ್ಲಿವರೆಗೆ ಹೀಗೇ ಹೋಗಲು ನನ್ನಿಂದಾಗದು.

ಫರ್ಮಾನ ಕಿರು ಪ್ರಮೇಯ (p ಬೆಸ ಅವಿಭಾಜ್ಯವಾದರೆ 2ರ p−1ನೇ ಘಾತವನ್ನು pಯಿಂದ ಭಾಗಿಸಿದಾಗ ಶೇಷ 1) ಬಳಸಿ, 2ರ ಘಾತವನ್ನು ವರ್ಗ ಮಾಡುತ್ತಾ ಶೇಷ ನೋಡಬಹುದು ಅನ್ನುವುದು ಗೊತ್ತು. ಆದರೆ ಒಂಬತ್ತು ಅಂಕಿಯ ವರ್ಗ ನನ್ನ ಕ್ಯಾಲ್ಕುಲೇಟರಿನ ಪರದೆಯಲ್ಲಿ ಹಿಡಿಸುವುದಿಲ್ಲ, ಕೊನೆಯ ಅಂಕಿಗಳು ಹಾರಿಹೋಗುತ್ತವೆ. ಅದನ್ನು ತುಂಡು ಮಾಡಿ ಗುಣಿಸುವ ಸುಲಭ ಕ್ರಮ ಯಾರಾದರೂ ಹೇಳಿಕೊಡುತ್ತೀರಾ? ದಯವಿಟ್ಟು ಬರೀ ಅಪವರ್ತನ ಹಾಕಿ ಹೋಗಬೇಡಿ, ದಾರಿ ಬೇಕು.

ಇನ್ನೊಂದು: 83ಕ್ಕೇ ನಿಲ್ಲುತ್ತದೆ ಅನ್ನುವುದಕ್ಕೆ ಒಂದೊಂದನ್ನೂ ಪರೀಕ್ಷಿಸುವುದು ಬಿಟ್ಟು ಬೇರೆ ಚಿಕ್ಕ ವಾದ ಇದೆಯೇ?